ಸಾವಿರದೈನೂರು ಕ್ಯಾಲರಿಯ ಚರಿತ್ರೆ

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತ್ಯಕ್ಕೆ ಬಂದಾಗ ದಕ್ಷಿಣ ಭಾರತ ಭೀಕರ ಬರದ ಬಾಯಲ್ಲಿತ್ತು. ಕನ್ನಡನಾಡಿನ ಹಳಬರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಕ್ಷಾಮವದು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ, ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದ ಮೈಸೂರು ಸೀಮೆ ಎರಡೂ ತತ್ತರಿಸುತ್ತಿದ್ದವು. ಬರ ಪರಿಹಾರದ ಖರ್ಚಿಗೆ ಕಡಿವಾಣ ಹಾಕುವುದು ವೈಸರಾಯ್ ಲಿಟ್ಟನ್ ಟೆಂಪಲ್‌ಗೆ ವಹಿಸಿದ್ದ ಕೆಲಸ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕು ಎಂದು ಆತ ಗೊತ್ತುಮಾಡಿದ. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಅದಕ್ಕಿಂತ ತುಸು ಕಡಿಮೆ.

ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಆ ಕಾಲದಲ್ಲಿ ಅನ್ನವನ್ನು ಯಾರೂ ಕ್ಯಾಲರಿಯಲ್ಲಿ ಎಣಿಸುತ್ತಿರಲಿಲ್ಲ. ಇವತ್ತಿನ ಆಹಾರ ಕೋಷ್ಟಕ ಹಿಡಿದು ಲೆಕ್ಕ ಹಾಕಿದರೆ 450 ಗ್ರಾಂ ಅಕ್ಕಿಯಿಂದ ಸಿಗುವುದು ಸುಮಾರು 1550 ಕ್ಯಾಲರಿ, 31 ಗ್ರಾಂ ಪ್ರೋಟೀನ್. ತೂಕ ಇಳಿಸಬೇಕೆಂದು ಹೊರಟ ಇಂದಿನ ಎಷ್ಟೋ ಜನ ದಿನಕ್ಕೆ ಇಟ್ಟುಕೊಳ್ಳುವ ಮಿತಿಯೂ ಹೆಚ್ಚುಕಡಿಮೆ ಇದೇ. ಒಬ್ಬರಿಗೆ ಅದು ಹೊಟ್ಟೆಪಾಡಿನ ಕೊನೆಯ ಆಸರೆ, ಇನ್ನೊಬ್ಬರಿಗೆ ತಾವೇ ಒಪ್ಪಿಕೊಂಡ ಶಿಸ್ತು. ಆದರೆ ಸಂಖ್ಯೆ ಒಂದೇ ಆದದ್ದರಿಂದ ಈ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಗುತ್ತದೆ.

ಟೆಂಪಲ್‌ನ ಲೆಕ್ಕವನ್ನು ನೇರವಾಗಿ ಎದುರಿಸಿದವನು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ವಿಲಿಯಂ ರಾಬರ್ಟ್ ಕಾರ್ನಿಶ್. ಮೈಮುರಿದು ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು ಎಂದಷ್ಟೇ ಹೇಳಿ ಆತ ಸುಮ್ಮನಾಗಲಿಲ್ಲ. ಧಾನ್ಯದ ಜೊತೆಗೆ ಬೇಳೆಕಾಳು ಬೇಕು, ತರಕಾರಿ ಬೇಕು, ಬರೀ ಅಕ್ಕಿ ಹೊಟ್ಟೆ ತುಂಬಿಸಿದರೂ ಮೈಯನ್ನು ಉಳಿಸುವುದಿಲ್ಲ ಎಂಬುದು ಆತನ ವಾದ. ಮಾರ್ಚ್ ತಿಂಗಳಲ್ಲಿ ಮದ್ರಾಸ್ ಸರ್ಕಾರ ಅರ್ಧದಾರಿ ಬಂದು ಪಡಿಯನ್ನು ಒಂದೂಕಾಲು ಪೌಂಡ್ ಧಾನ್ಯಕ್ಕೆ ಏರಿಸಿ, ಒಂದೂವರೆ ಔನ್ಸ್ ಬೇಳೆಯನ್ನೂ ಸೇರಿಸಿತು. ಎಷ್ಟೋ ಜನರ ಪಾಲಿಗೆ ಅದು ತಡವಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು.

ಎಷ್ಟು ತಿನ್ನಬೇಕು, ಏನನ್ನು ತಿನ್ನಬೇಕು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ಒಂದನ್ನಷ್ಟೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ನಡೆದ ದೊಡ್ಡ ಉದಾಹರಣೆ ಇದು. ತೂಕ ಇಳಿಸುವವರು ಇಂದು ಕೇಳುವ ಪ್ರಶ್ನೆಯೂ ಇದರ ಇನ್ನೊಂದು ಮುಖ. ಲೆಕ್ಕ 1500ಕ್ಕೆ ನಿಂತರೆ ಸಾಕಲ್ಲವೇ? ಅದು ಮುದ್ದೆ, ಹುರುಳಿ ಸಾರಿನಿಂದ ಬಂದರೇನು, ಬನ್ನು ಬಿಸ್ಕತ್ತಿನಿಂದ ಬಂದರೇನು? ಉತ್ತರ ಹುಡುಕಲು ಕ್ಯಾಲರಿ ಎಣಿಕೆ ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂಬುದನ್ನು ನೋಡಬೇಕು. ಅದು ಹುಟ್ಟಿದ್ದು ತೂಕ ಇಳಿಸುವುದಕ್ಕಾಗಿ ಅಲ್ಲ.

ಉಸಿರಾಟವೂ ಒಂದು ಬಗೆಯ ನಿಧಾನ ದಹನ ಎಂದು ತೋರಿಸಿದವನು ಫ್ರಾನ್ಸಿನ ಲವಾಸಿಯೇ. 1782–83ರ ಚಳಿಗಾಲದಲ್ಲಿ ಆತ ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯ ಗೋಡೆಯಿದ್ದ ಪಾತ್ರೆಯಲ್ಲಿಟ್ಟು, ಅದರ ಮೈಶಾಖಕ್ಕೆ ಕರಗಿ ಇಳಿದ ನೀರನ್ನು ತೂಗಿದ. ಉಣ್ಣುವ ಅನ್ನವನ್ನು ಸುಡುವ ಸೌದೆಯಂತೆ ಅಳೆಯಬಹುದು ಎಂಬ ಆಲೋಚನೆ ಅಲ್ಲಿಂದ ಬೆಳೆಯಿತು. ಮುಂದಿನ ನೂರು ವರ್ಷ ಜರ್ಮನಿಯ ಪ್ರಯೋಗಶಾಲೆಗಳು ಅದನ್ನು ಹಿಗ್ಗಿಸಿದವು.

ಅದನ್ನು ಜನಸಾಮಾನ್ಯರ ಅಡುಗೆಮನೆಗೆ ತಂದವನು ವಿಲ್ಬರ್ ಆಲಿನ್ ಆಟ್‌ವಾಟರ್. ಮ್ಯೂನಿಕ್‌ನಲ್ಲಿ ಕಲಿತು ಬಂದ ಈ ಅಮೆರಿಕದ ರಸಾಯನಶಾಸ್ತ್ರಜ್ಞ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಭೌತವಿಜ್ಞಾನಿ ಎಡ್ವರ್ಡ್ ರೋಸಾನ ನೆರವಿನಿಂದ, ಮನುಷ್ಯ ವಾಸಿಸಬಹುದಾದ ಒಂದು ಪೆಟ್ಟಿಗೆಯನ್ನೇ ಕಟ್ಟಿದ. ಸುಮಾರು ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ. ಒಳಗೆ ಮಡಚುವ ಮಂಚ, ಕುರ್ಚಿ, ಮೇಜು. ಗಾಳಿಯಾಡದ ಕಿಂಡಿಯಿಂದ ಊಟ ಒಳಗೆ ಹೋಗಬೇಕು, ಮಲಮೂತ್ರ ಹೊರಗೆ ಬರಬೇಕು, ಎರಡನ್ನೂ ತೂಗಿ ಪರೀಕ್ಷಿಸಬೇಕು. ಗೋಡೆಯ ಕೊಳವೆಗಳಲ್ಲಿ ಹರಿಯುವ ನೀರು ಒಳಗಿದ್ದವನ ಶಾಖವನ್ನೆಲ್ಲ ಹೀರಿಕೊಳ್ಳುತ್ತಿತ್ತು. 1896ರಿಂದ ಅದರೊಳಗೆ ಸ್ವಯಂಸೇವಕರು ದಿನಗಟ್ಟಲೆ ಕುಳಿತರು, ಓದಿದರು, ಮಲಗಿದರು, ಬೈಸಿಕಲ್ ತುಳಿದರು. ತಿಂದದ್ದರಿಂದ ಮೈಗೆ ದಕ್ಕಿದ ಶಕ್ತಿ, ಮೈಯಿಂದ ಹೊರಬಿದ್ದ ಶಕ್ತಿ ಎರಡೂ ಬಹುತೇಕ ಸರಿಸಮವಾಗಿ ತಾಳೆಯಾದವು. ವಿಜ್ಞಾನದ ಚರಿತ್ರೆಯಲ್ಲಿ ಇದು ಸಣ್ಣ ಸಾಧನೆಯಲ್ಲ. ಮನುಷ್ಯನ ದೇಹವೂ ಶಕ್ತಿಯ ನಿಯಮ ಮೀರುವುದಿಲ್ಲ ಎಂಬುದು ಆ ಮರದ ಪೆಟ್ಟಿಗೆಯಲ್ಲಿ ಖಚಿತವಾಯಿತು.

ಇಂದಿಗೂ ಪೊಟ್ಟಣಗಳ ಮೇಲೆ ಅಚ್ಚಾಗುವ ಲೆಕ್ಕದ ತಳಹದಿ ಆಟ್‌ವಾಟರ್‌ನ ಸೂತ್ರವೇ: ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲರಿ, ಪಿಷ್ಟ ಸಕ್ಕರೆಗಳಿಗೆ 4, ಕೊಬ್ಬಿಗೆ 9. ಆದರೆ ಆತನ ಗುರಿ ಏನಿತ್ತೆಂಬುದು ಮುಖ್ಯ. ಕಾರ್ಖಾನೆ ಕೂಲಿಯವನು ತನ್ನ ಅಲ್ಪ ಸಂಬಳದಲ್ಲಿ ಅತಿ ಹೆಚ್ಚು ಶಕ್ತಿ ಕೊಳ್ಳುವುದು ಹೇಗೆ ಎಂಬುದೇ ಆಟ್‌ವಾಟರ್‌ನನ್ನು ಕಾಡಿದ ಪ್ರಶ್ನೆ. ಹಾಗಾಗಿ ಹಿಟ್ಟು, ಒಣಕಾಳುಗಳಂಥ ಅಗ್ಗದ ಪದಾರ್ಥಗಳನ್ನು ಆತ ಹೊಗಳಿದ. ಹಸಿರು ತರಕಾರಿಗೆ, ಹಣ್ಣಿಗೆ ಬಡವರು ಹಣ ಸುರಿಯುವುದು ದಂಡ ಎಂಬರ್ಥದಲ್ಲಿ ಬರೆದ. ಆತನ ಕೋಷ್ಟಕದ ಪ್ರಕಾರ ಅದು ಸರಿಯೇ. ಸೊಪ್ಪಿನಲ್ಲಿ ಕ್ಯಾಲರಿ ಎಲ್ಲಿದೆ?

ಆ ಕೋಷ್ಟಕದಲ್ಲಿ ಕಾಣದ ಸಂಗತಿಯೊಂದು ಅದೇ ದಶಕದಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿ ಹೊರಬೀಳುತ್ತಿತ್ತು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಸಾಕಿದ್ದ ಕೋಳಿಗಳು ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಿಂದು ಕಾಲು ಸೋತು ಬಿದ್ದವು. ತೌಡು ಉಳಿದ ಅಕ್ಕಿ ಹಾಕಿದಾಗ ಎದ್ದು ಓಡಾಡಿದವು. ಎರಡೂ ಅಕ್ಕಿಯ ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ತೌಡಿನಲ್ಲಿದ್ದ ಆ ವಸ್ತುವನ್ನು ಹುಡುಕುತ್ತ ಹೋದವರಿಗೆ ಮುಂದೆ ವಿಟಮಿನ್‌ಗಳು ಸಿಕ್ಕವು, ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನವೂ ಬಂತು. ತರಕಾರಿ ದಂಡ ಎಂದಿದ್ದ ಆಟ್‌ವಾಟರ್ ಅಷ್ಟರಲ್ಲಿ, 1907ರಲ್ಲೇ, ತೀರಿಕೊಂಡಿದ್ದ.

ಹೊಟ್ಟೆ ತುಂಬಿಸಲು ಹುಟ್ಟಿದ ಈ ಅಳತೆಯನ್ನು ಹೊಟ್ಟೆ ಕರಗಿಸುವ ಕಡೆಗೆ ತಿರುಗಿಸಿದವಳು ಲಾಸ್ ಏಂಜಲೀಸ್‌ನ ವೈದ್ಯೆ ಲುಲು ಹಂಟ್ ಪೀಟರ್ಸ್. ಒಂದು ಕಾಲಕ್ಕೆ 220 ಪೌಂಡ್, ಅಂದರೆ ಸುಮಾರು 100 ಕಿಲೋ ತೂಗುತ್ತಿದ್ದ ಆಕೆ 70 ಪೌಂಡ್ ಇಳಿಸಿಕೊಂಡು, 1918ರಲ್ಲಿ ಆಹಾರ, ಆರೋಗ್ಯ ಮತ್ತು ಕ್ಯಾಲರಿಯ ಕುರಿತು ಪುಟ್ಟ ಪುಸ್ತಕವೊಂದನ್ನು ಹೊರತಂದಳು. ಮೊದಲನೆಯ ಮಹಾಯುದ್ಧದ ಕಾಲ. ಆಹಾರ ಉಳಿಸುವುದೇ ದೇಶಭಕ್ತಿ ಎಂದು ಸರ್ಕಾರ ಸಾರುತ್ತಿದ್ದಾಗ, ಕಡಿಮೆ ತಿಂದು ತೆಳ್ಳಗಾಗುವುದೂ ದೇಶಸೇವೆಯಾಯಿತು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ ಡಯಟ್ ಪುಸ್ತಕಗಳ ಇಡೀ ಸಂತೆಗೆ ಬಾಗಿಲು ತೆರೆಯಿತು.

ಪೀಟರ್ಸ್ ಹೇಳಿಕೊಟ್ಟ ವಿಧಾನ ಸರಳ. ಪ್ರತಿಯೊಂದು ತಿನಿಸನ್ನೂ ನೂರು ಕ್ಯಾಲರಿಯ ತುಂಡಾಗಿ ಕಲ್ಪಿಸಿಕೊಳ್ಳಬೇಕು, ತೂಕ ಇಳಿಯಬೇಕಾದರೆ ದಿನಕ್ಕೆ 1200ರ ಆಸುಪಾಸಿನಲ್ಲಿ ನಿಲ್ಲಬೇಕು. ಇಂದು ಕೋಟ್ಯಂತರ ಫೋನುಗಳಲ್ಲಿ ಓಡುತ್ತಿರುವ ಲೆಕ್ಕ ಇದರ ಮೊಮ್ಮಗುವೇ. ಆಕೆಗೆ ವಿಟಮಿನ್ ಗೊತ್ತಿತ್ತು, ಪ್ರೋಟೀನ್ ಕೈಬಿಡಬಾರದೆಂಬುದೂ ಗೊತ್ತಿತ್ತು. ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು ಸಂಖ್ಯೆ ಮಾತ್ರ. ಎಣಿಸುವುದು ಸುಲಭ, ಗುಣ ನೋಡುವುದು ಕಷ್ಟ. ಅಂದಿನಿಂದ ಇಂದಿನವರೆಗೆ ಈ ಕ್ಷೇತ್ರದಲ್ಲಿ ನಡೆದ ಹೆಚ್ಚಿನ ಎಡವಟ್ಟುಗಳಿಗೆ ಮೂಲ ಇದೇ.

ಅಮೆರಿಕ ಕ್ಯಾಲರಿ ಎಣಿಸುತ್ತಿದ್ದ ಅದೇ 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೇರೊಂದು ಬಗೆಯ ಲೆಕ್ಕ ನಡೆಯಿತು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ರಾಬರ್ಟ್ ಮೆಕ್ಯಾರಿಸನ್ ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಇಲಿಗಳನ್ನು ಸಾಕಿ, ಭಾರತದ ಬೇರೆ ಬೇರೆ ಪ್ರಾಂತ್ಯದವರ ಊಟವನ್ನು ಅವುಗಳಿಗೆ ಗುಂಪು ಗುಂಪಾಗಿ ಉಣಿಸಿದ. ಸಿಖ್ಖರ ಊಟ, ಪಠಾಣರ ಊಟ, ಮರಾಠರದು, ಗೂರ್ಖಾಗಳದು, ಬಂಗಾಳಿಗಳದು, ಮದ್ರಾಸಿಗಳದು. ಆ ಸಾಲಿನಲ್ಲಿ ಕನ್ನಡಿಗರ ಊಟವೂ ಇತ್ತು. ಕೊನೆಗೆ ತೂಗಿದಾಗ ಸಿಖ್ಖರ ಊಟ ಉಂಡ ಇಲಿಗಳು ಸರಾಸರಿ 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖಾಗಳದು 200 ತೂಗಿದವು. ಕನ್ನಡಿಗರ ಊಟ ಉಂಡವು 185 ಗ್ರಾಂ. ಬಂಗಾಳಿ ಊಟದವು 180, ಮದ್ರಾಸಿ ಊಟದವು 155.

ಈ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಮುದ್ದೆ ಉಣ್ಣುವ ಮೈಸೂರು ಸೀಮೆ, ಜೋಳದ ರೊಟ್ಟಿಯ ಬಯಲುಸೀಮೆ, ಕುಚ್ಚಲಕ್ಕಿ ಮೀನಿನ ಕರಾವಳಿ ಎಲ್ಲವನ್ನೂ ಒಂದೇ ತಟ್ಟೆ ಪ್ರತಿನಿಧಿಸಲಾರದು. ಕೆಲವು ಜನಾಂಗಗಳು ಹುಟ್ಟಿನಿಂದಲೇ ಯೋಧರು, ಉಳಿದವರು ದುರ್ಬಲರು ಎಂಬ ವಸಾಹತುಶಾಹಿ ನಂಬಿಕೆಗೆ ಇಂಥ ಸಾಲು ಇಂಬು ಕೊಡುವ ಅಪಾಯವೂ ಇತ್ತು. ಮೆಕ್ಯಾರಿಸನ್ ತೋರಿಸಿದ ಕಾರಣ ಮಾತ್ರ ಜನಾಂಗದ್ದಲ್ಲ, ತಟ್ಟೆಯದು. ಮೇಲಿನ ಸಾಲಿನ ಊಟದಲ್ಲಿ ಇಡಿ ಗೋಧಿ, ಹಾಲು, ಬೆಣ್ಣೆ, ಬೇಳೆ, ತಾಜಾ ತರಕಾರಿ ಇದ್ದವು. ಕೊನೆಯ ಸಾಲಿನಲ್ಲಿ ಪಾಲಿಶ್ ಅಕ್ಕಿಯೇ ಹೆಚ್ಚು, ಹಾಲು ಹೆಸರಿಗಷ್ಟೇ.

ಆತನ ಇನ್ನೊಂದು ಪ್ರಯೋಗ ಇನ್ನೂ ಕಟುವಾಗಿತ್ತು. ಒಂದು ಗುಂಪಿಗೆ ಸಿಖ್ಖರ ಊಟ, ಇನ್ನೊಂದಕ್ಕೆ ಇಂಗ್ಲೆಂಡಿನ ಬಡ ಕುಟುಂಬಗಳ ಊಟ: ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಸುರಿದ ಚಹಾ, ಬೇಯಿಸಿದ ಎಲೆಕೋಸು ಮತ್ತು ಆಲೂಗಡ್ಡೆ, ಡಬ್ಬಿ ಮಾಂಸ, ಜಾಮ್. ಎರಡನೆಯ ಗುಂಪಿನ ಇಲಿಗಳು ಕುಳ್ಳಾದವು, ಕಾಯಿಲೆ ಬಿದ್ದವು, ನೋಡಿಕೊಳ್ಳುವವರನ್ನೇ ಕಚ್ಚಿದವು. ಎರಡು ತಿಂಗಳು ತುಂಬುವ ಹೊತ್ತಿಗೆ ತಮ್ಮಲ್ಲೇ ದುರ್ಬಲವಾದವನ್ನು ಕೊಂದು ತಿನ್ನತೊಡಗಿದವು. ಬೇಕರಿ ತಿನಿಸಿನ ಮೇಲೆ ದಿನ ದೂಡುವ ಇಂದಿನ ನಗರವಾಸಿಗೆ ಆ ಪಟ್ಟಿ ಅಪರಿಚಿತವಾಗಿ ಕಾಣುವುದಿಲ್ಲ.

ಮೆಕ್ಯಾರಿಸನ್ ನಂತರ ಕೂನೂರಿನ ಪ್ರಯೋಗಾಲಯದ ಹೊಣೆ ಹೊತ್ತ ವ್ಯಾಲೇಸ್ ಐಕ್‌ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕ ಮೌಲ್ಯವನ್ನು ಪಟ್ಟಿಮಾಡಿದ ಕೈಪಿಡಿಯೊಂದನ್ನು ಪ್ರಕಟಿಸಿದ. ಪ್ರಯೋಗಾಲಯ ಮುಂದೆ ಹೈದರಾಬಾದಿಗೆ ಹೋಗಿ 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಕೈಪಿಡಿ ಸಿ. ಗೋಪಾಲನ್ ಮತ್ತು ಸಂಗಡಿಗರ ಕೈಯಲ್ಲಿ ಬೆಳೆದು 1971ರಲ್ಲಿ ಹೊಸ ರೂಪದಲ್ಲಿ ಬಂತು. ಡಯಟ್ ಬರೆದುಕೊಡುವ ನಮ್ಮ ಆಸ್ಪತ್ರೆಗಳ ಆಹಾರತಜ್ಞರು ದಶಕಗಳ ಕಾಲ ನೆಚ್ಚಿಕೊಂಡದ್ದು ಆ ಪುಸ್ತಕವನ್ನೇ.

ಅದರ ಒಂದು ಪುಟ ತೆರೆದರೆ ಸಾಕು, ವಾದದ ತಿರುಳು ಸಿಗುತ್ತದೆ. ನೂರು ಗ್ರಾಂ ಅಕ್ಕಿಗೆ 345 ಕ್ಯಾಲರಿ. ಗೋಧಿ ಹಿಟ್ಟಿಗೆ 341. ರಾಗಿಗೆ 328. ಹುರುಳಿಗೆ 321. ಕ್ಯಾಲರಿಯನ್ನಷ್ಟೇ ನೋಡುವವನಿಗೆ ಈ ನಾಲ್ಕರಲ್ಲಿ ಆಯ್ದುಕೊಳ್ಳಲು ಕಾರಣವೇ ಇಲ್ಲ. ಪಕ್ಕದ ಕಾಲಮ್ಮಿಗೆ ಕಣ್ಣು ಹಾಯಿಸಿದರೆ ಅಕ್ಕಿಯಲ್ಲಿ ಪ್ರೋಟೀನ್ 6.8 ಗ್ರಾಂ, ಹುರುಳಿಯಲ್ಲಿ 22. ಸುಣ್ಣದ ಅಂಶ ಅಕ್ಕಿಯಲ್ಲಿ 10 ಮಿಲಿಗ್ರಾಂ, ರಾಗಿಯಲ್ಲಿ 344. ಅದೇ ಸಂಸ್ಥೆ 2017ರಲ್ಲಿ ಹೊರತಂದ ಪರಿಷ್ಕೃತ ಕೋಷ್ಟಕದಲ್ಲಿ ನಾರಿನ ಲೆಕ್ಕವೂ ಇದೆ: ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಕ್ಯಾಲರಿಯ ಮಾತು ಹುಟ್ಟುವ ಎಷ್ಟೋ ಮುಂಚೆ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ನರೆದಲೆಗ ಮತ್ತು ವ್ರೀಹಿಯನ್ನು, ಅಂದರೆ ರಾಗಿ ಮತ್ತು ಭತ್ತವನ್ನು, ಮೇಲುಕೀಳಿನ ವಾದಕ್ಕೆ ನಿಲ್ಲಿಸಿದ್ದರು. ಅಲ್ಲಿಯ ವಾದ ಜಾತಿ ಅಂತಸ್ತುಗಳದು. ಆದರೂ ಧಾನ್ಯ ಧಾನ್ಯಕ್ಕೆ ಸತ್ವ ಬೇರೆ ಎಂಬ ತಿಳಿವಳಿಕೆ ಆ ಕಥೆಯ ಬೆನ್ನಿಗಿದೆ.

ಟೆಂಪಲ್‌ನ ಪಡಿಯ ಸಂಖ್ಯೆ ಮತ್ತೊಮ್ಮೆ ಎದ್ದುಬಂದದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಯುರೋಪಿನ ಹಸಿದವರಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ 36 ಯುವಕರನ್ನು ಉಪವಾಸಕ್ಕೆ ಹಚ್ಚಿದ. ಯುದ್ಧದಲ್ಲಿ ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದೆ, ಬದಲಿ ಸೇವೆಯಾಗಿ ತಮ್ಮ ದೇಹವನ್ನೇ ಕೊಟ್ಟವರು ಅವರು. ಆರು ತಿಂಗಳ ಕಾಲ ದಿನಕ್ಕೆ ಸರಾಸರಿ 1570 ಕ್ಯಾಲರಿ. ಊಟದಲ್ಲಿ ಆಲೂಗಡ್ಡೆ, ಟರ್ನಿಪ್, ಬ್ರೆಡ್ಡು, ಮ್ಯಾಕರೋನಿ. ಹಾಲು, ಮಾಂಸ ಇದ್ದೂ ಇಲ್ಲದ ಹಾಗೆ. ವಾರಕ್ಕೆ 22 ಮೈಲಿ ನಡೆಯುವುದು ಕಡ್ಡಾಯ.

ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಆ ಅರ್ಥದಲ್ಲಿ ಕ್ಯಾಲರಿಯ ಲೆಕ್ಕ ಸುಳ್ಳಾಗಲಿಲ್ಲ. ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿತು, ಹೃದಯದ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಹತ್ತಿತು. ಓದುಬರಹ ಬಲ್ಲ ಆ ಹುಡುಗರು ಅಡುಗೆ ಪುಸ್ತಕಗಳನ್ನು ಕೂಡಿಟ್ಟರು, ತಟ್ಟೆ ನೆಕ್ಕಿದರು, ಊಟದ ಹೊರತು ಬೇರೆ ಮಾತನ್ನೇ ಮರೆತರು. ಕಟ್ಟು ಸಡಿಲಿಸಿದಾಗ ಎಷ್ಟು ತಿಂದರೂ ಹಸಿವು ಇಂಗಲಿಲ್ಲ, ಕರಗಿದ್ದ ಕೊಬ್ಬು ಮೊದಲಿಗಿಂತ ಹೆಚ್ಚಾಗಿ ಮರಳಿತು. 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಕೀಸ್ ಇದನ್ನೆಲ್ಲ ದಾಖಲಿಸಿದ. ಕಡಿಮೆ ತಿಂದು ತೂಕ ಇಳಿಸಿ, ವರ್ಷದೊಳಗೆ ಮತ್ತೆ ಏರಿಸಿಕೊಂಡು, ತಮ್ಮ ಮನೋಬಲವನ್ನೇ ಹಳಿದುಕೊಳ್ಳುವವರು ಆ ಸಂಪುಟಗಳ ಸಾರವನ್ನಾದರೂ ತಿಳಿಯಬೇಕು. ಅದು ಅವರ ಸ್ವಭಾವದ ದೋಷವಲ್ಲ, ಹಸಿದ ದೇಹದ ಉತ್ತರ.

ಪಾಠ ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಮುಂದಿನ ತಲೆಮಾರು ಅದನ್ನು ಓದಲಿಲ್ಲ. 1976ರಲ್ಲಿ ಅಮೆರಿಕದಲ್ಲಿ 'ದಿ ಲಾಸ್ಟ್ ಚಾನ್ಸ್ ಡಯಟ್' ಎಂಬ ಪುಸ್ತಕ ಹೊರಬಂತು. ಅನ್ನಾಹಾರ ಬಿಟ್ಟು ದ್ರವ ಪ್ರೋಟೀನ್ ಒಂದನ್ನೇ ಕುಡಿಯುವುದು ಅದರ ವಿಧಾನ. ದಿನಕ್ಕೆ 400 ಕ್ಯಾಲರಿಯೂ ಇಲ್ಲ. ಪ್ರೋಟೀನ್ ಇದೆಯಲ್ಲ, ಮಾಂಸಖಂಡ ಉಳಿಯುತ್ತದೆ ಎಂಬ ಭರವಸೆ. ಆ ಪ್ರೋಟೀನ್ ಬಂದದ್ದು ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕೊಲಾಜನ್ನಿನಿಂದ. ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಕೊಲಾಜನ್ನಿನಲ್ಲಿ ಇರುವುದಿಲ್ಲ. ಖನಿಜಾಂಶವೂ ಸಾಲದಾಗಿತ್ತು. ತೂಕ ಭರದಿಂದ ಇಳಿಯಿತು. ಜೊತೆಗೆ ಸಾವಿನ ಸುದ್ದಿಗಳೂ ಬಂದವು. 1977ರಿಂದ ಅಮೆರಿಕದ ಆರೋಗ್ಯ ಅಧಿಕಾರಿಗಳ ಬಳಿ ಸುಮಾರು 60 ಸಾವುಗಳ ವರದಿ ಸೇರಿತು. ಮೊದಲು ಹೃದಯದ ತೊಂದರೆಯೇ ಇಲ್ಲದಿದ್ದ 17 ಜನ ಹೃದಯದ ಲಯ ತಪ್ಪಿ ಸತ್ತಿದ್ದರೆಂದು ವೈದ್ಯರು ಗುರುತಿಸಿದರು. ಗುಣ ನೋಡದೆ ಎಣಿಸಿದ್ದಕ್ಕೆ ಇದಕ್ಕಿಂತ ದಾರುಣ ಸಾಕ್ಷಿ ಇರಲಾರದು.

ಎದುರು ಪಕ್ಷದ ಅತ್ಯಂತ ಬಲವಾದ ಸಾಕ್ಷಿಯನ್ನೂ ನ್ಯಾಯವಾಗಿ ಕೇಳಬೇಕು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೋಷಣೆಯ ಪಾಠ ಹೇಳುವ ಮಾರ್ಕ್ ಹಾಬ್ 2010ರಲ್ಲಿ ಹತ್ತು ವಾರ ಕ್ರೀಮ್ ಕೇಕು, ಚಿಪ್ಸು, ಸಕ್ಕರೆ ಹಚ್ಚಿದ ಸೀರಿಯಲ್ ತಿಂದುಕೊಂಡೇ, ದಿನಕ್ಕೆ ಸುಮಾರು 1800 ಕ್ಯಾಲರಿ ಮೀರದೆ, 27 ಪೌಂಡ್ ಇಳಿಸಿದರು. ಕೆಟ್ಟ ಕೊಲೆಸ್ಟ್ರಾಲ್ ಇಳಿಯಿತು, ಒಳ್ಳೆಯದು ಏರಿತು. ಗುಣವೆಂಬುದು ಬೊಗಳೆ ಎನ್ನುವವರು ಇಂದಿಗೂ ಈ ಕಥೆಯನ್ನು ಮುಂದಿಡುತ್ತಾರೆ. ಅವರು ಹೇಳದೆ ಬಿಡುವ ಮಾತುಗಳಿವೆ. ಹಾಬ್ ದಿನವೂ ಒಂದು ಪ್ರೋಟೀನ್ ಶೇಕ್ ಕುಡಿಯುತ್ತಿದ್ದರು, ವಿಟಮಿನ್ ಮಾತ್ರೆ ನುಂಗುತ್ತಿದ್ದರು, ಸ್ವಲ್ಪ ತರಕಾರಿಯನ್ನೂ ತಿನ್ನುತ್ತಿದ್ದರು. ಇನ್ನೊಬ್ಬರಿಗೆ ಇದನ್ನು ಶಿಫಾರಸು ಮಾಡಲಾರೆ ಎಂದು ಅವರೇ ಸ್ಪಷ್ಟಪಡಿಸಿದ್ದರು. ಒಬ್ಬ ತಜ್ಞ, ಹತ್ತೇ ವಾರ, ಪ್ರತಿ ತುತ್ತಿಗೂ ಲೆಕ್ಕ. ಆ ಪ್ರಯೋಗ ಸಾಬೀತು ಮಾಡಿದ್ದು ಆಟ್‌ವಾಟರ್ ಪೆಟ್ಟಿಗೆಯಲ್ಲಿ ಆಗಲೇ ಗೊತ್ತಾಗಿದ್ದ ಸಂಗತಿಯನ್ನು: ಖರ್ಚಿಗಿಂತ ಕಡಿಮೆ ತಿಂದರೆ ತೂಕ ಇಳಿಯುತ್ತದೆ. ಹತ್ತು ವಾರ ಕಳೆದ ಮೇಲೆ ಸಾಮಾನ್ಯ ಮನುಷ್ಯ ಆ ಮಿತಿಯೊಳಗೆ ಉಳಿಯುತ್ತಾನೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರದ ದೊಡ್ಡ ತುಣುಕು ಸಿಕ್ಕಿದ್ದು 2019ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ಬಗೆಯ ಊಟ ಬಡಿಸಿದರು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು, ಇನ್ನೆರಡು ವಾರ ಹೆಚ್ಚು ಸಂಸ್ಕರಿಸದ ಮನೆಯೂಟದಂಥ ಊಟ. ಮುಂದಿಟ್ಟ ತಟ್ಟೆಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲವನ್ನೂ ಸರಿದೂಗಿಸಿದ್ದರು. ಬೇಕಾದಷ್ಟು ತಿನ್ನಿ, ಸಾಕಾದಾಗ ಬಿಡಿ ಎಂಬುದೊಂದೇ ಸೂಚನೆ. ಕಾರ್ಖಾನೆ ತಿನಿಸಿನ ಎರಡು ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಸರಾಸರಿ 900 ಗ್ರಾಂ ತೂಕ ಏರಿಸಿಕೊಂಡರು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿಯಿತು. ಬೇಗ ಬೇಗ ನುಂಗಬಹುದಾದ ಮೆತ್ತನೆಯ ತಿನಿಸು ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವ ಮೊದಲೇ ಒಳಗೆ ಸೇರಿರುತ್ತದೆ ಎಂಬುದು ಅವರು ಮುಂದಿಟ್ಟ ಕಾರಣಗಳಲ್ಲೊಂದು.

ಇದಕ್ಕೆ ಹೊಂದುವ ಹಳೆಯ ಸಾಕ್ಷಿ ಸಿಡ್ನಿಯದು. 1995ರಲ್ಲಿ ಅಲ್ಲಿನ ಸಂಶೋಧಕರು 38 ತಿನಿಸುಗಳನ್ನು ಸಮಾನವಾಗಿ ಸುಮಾರು 240 ಕ್ಯಾಲರಿಯಷ್ಟು ಅಳೆದು ಕೊಟ್ಟು, ಯಾವುದು ಎಷ್ಟು ಹೊತ್ತು ಹಸಿವು ತಡೆಯುತ್ತದೆಂದು ನೋಡಿದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟರೆ ಬರೀ ಬೇಯಿಸಿದ ಆಲೂಗಡ್ಡೆಗೆ 323 ಬಂತು, ಬೆಣ್ಣೆ ತುಂಬಿದ ಕ್ರೊಸಾಂಗೆ 47. ದಪ್ಪಗಾಗಿಸುತ್ತದೆಂದು ನಾವು ದೂರ ಇಡುವ ಆಲೂಗಡ್ಡೆ ಪಟ್ಟಿಯ ತುದಿಯಲ್ಲಿ ಕುಳಿತಿತು. ಅದನ್ನೇ ಎಣ್ಣೆಯಲ್ಲಿ ಕರಿದು ಚಿಪ್ಸು ಮಾಡಿದರೆ ಆ ಗುಣ ಉಳಿಯುವುದಿಲ್ಲ.

ಎಣಿಕೆಯೇ ಕೆಲವೊಮ್ಮೆ ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಬಾದಾಮಿ ತಿಂದವರ ಮಲಮೂತ್ರ ಪರೀಕ್ಷಿಸಿ ನೋಡಿದಾಗ, ಸೂತ್ರದ ಪ್ರಕಾರ 28 ಗ್ರಾಮಿಗೆ 170ರಷ್ಟು ಬರಬೇಕಿದ್ದ ಕ್ಯಾಲರಿಯಲ್ಲಿ ದೇಹಕ್ಕೆ ದಕ್ಕಿದ್ದು 129 ಮಾತ್ರ. ಅಗಿದರೂ ಒಡೆಯದ ಜೀವಕೋಶದ ಗೋಡೆಗಳೊಳಗೆ ಕೊಬ್ಬು ಹಾಗೇ ಉಳಿದು ಹೊರಹೋಗುತ್ತದೆ. ಇಡಿಯಾದ ಕಾಳು, ಬೀಜಗಳಿಗೆ ಕೋಷ್ಟಕ ಕೊಡುವ ಸಂಖ್ಯೆಯನ್ನು ಇದ್ದಹಾಗೇ ನಂಬುವಂತಿಲ್ಲ. ನುಣ್ಣಗೆ ಬೀಸಿದ ಮೈದಾದಲ್ಲಿ ಆ ರಿಯಾಯಿತಿ ಸಿಗುವುದಿಲ್ಲ.

ಹಾಗಾದರೆ ಎಣಿಕೆಯನ್ನೇ ಬಿಟ್ಟು ಗುಣವನ್ನಷ್ಟೇ ಹಿಡಿದರೆ? ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡನರ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರ ಬರುತ್ತದೆ. 609 ಜನ, ಒಂದು ವರ್ಷ. ಅರ್ಧ ಜನಕ್ಕೆ ಕೊಬ್ಬು ಕಡಿಮೆ, ಉಳಿದವರಿಗೆ ಪಿಷ್ಟ ಕಡಿಮೆ. ಕ್ಯಾಲರಿ ಮಿತಿಯನ್ನು ಯಾರಿಗೂ ಹೇಳಲಿಲ್ಲ. ತರಕಾರಿ ಹೆಚ್ಚಿಸಿ, ಸಕ್ಕರೆ ಮೈದಾ ತಗ್ಗಿಸಿ, ಆದಷ್ಟು ಮನೆಯಲ್ಲೇ ಬೇಯಿಸಿ ಎಂದು ಎರಡೂ ಗುಂಪಿಗೆ ಹೇಳಿದ್ದರು. ಒಂದು ಗುಂಪು ಸರಾಸರಿ 5.3 ಕಿಲೋ ಇಳಿಸಿತು, ಇನ್ನೊಂದು 6 ಕಿಲೋ. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಆದರೆ ಎರಡೂ ಗುಂಪಿನೊಳಗೆ 25 ಕಿಲೋ ಇಳಿಸಿದವರೂ ಇದ್ದರು, ಏರಿಸಿಕೊಂಡವರೂ ಇದ್ದರು. ಒಳ್ಳೆಯ ಊಟ ಎಲ್ಲರಿಗೂ ತಾನಾಗಿ ತೂಕ ಇಳಿಸಿಕೊಡುವುದಿಲ್ಲ. ತುಪ್ಪ, ಕಡಲೆಬೀಜ, ಬೆಲ್ಲ, ಬಾಳೆಹಣ್ಣು ಒಳ್ಳೆಯವೇ, ಮಿತಿ ಮೀರಿದರೆ ಅವೂ ಮೈಗೆ ಕೂರುತ್ತವೆ.

ನಮ್ಮ ದೇಶದಲ್ಲಿ ಕ್ಯಾಲರಿ ಬಹುಕಾಲ ಬಡತನದ ಅಳತೆಯಾಗಿತ್ತು. ಪುಣೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ತಲೆಗೆ 2250 ಕ್ಯಾಲರಿಯನ್ನು ಮಾನದಂಡ ಮಾಡಿಕೊಂಡರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2400, ಪಟ್ಟಣಕ್ಕೆ 2100 ಎಂದು ಗೆರೆ ಎಳೆಯಿತು. ಅಗ್ಗದ ಧಾನ್ಯದಿಂದಲೇ ಆ ಗೆರೆ ದಾಟಿದ ಕುಟುಂಬದ ಮಗುವಿಗೆ ಹಾಲು, ಬೇಳೆ, ಮೊಟ್ಟೆ ಸಿಕ್ಕಿತೇ ಎಂದು ಗೆರೆ ಕೇಳಲಿಲ್ಲ. 2009ರಲ್ಲಿ ತೆಂಡೂಲ್ಕರ್ ಸಮಿತಿ ಬಡತನದ ರೇಖೆಯನ್ನು ಕ್ಯಾಲರಿಯ ಗೂಟದಿಂದ ಬಿಡಿಸಿತು. ಈಗ ಅದೇ ಸಂಖ್ಯೆ ಹೊಟ್ಟೆ ತುಂಬಿದವರ ಮೆನುವಿಗೂ ಬಂದಿದೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲ್ ಸರಣಿಗಳು ತಿನಿಸಿನ ಕ್ಯಾಲರಿಯನ್ನು ಮೆನುವಿನಲ್ಲಿ ಕಾಣಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಅದು ಒಳ್ಳೆಯ ಹೆಜ್ಜೆಯೇ. ದೊಡ್ಡ ಅಕ್ಷರದ ಆ ಒಂದು ಸಂಖ್ಯೆಯ ಜೊತೆ ಪ್ರೋಟೀನ್, ನಾರನ್ನೂ ಅಷ್ಟೇ ದೊಡ್ಡದಾಗಿ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು.

ಕಾರ್ನಿಶ್‌ನಿಂದ ಕೆವಿನ್ ಹಾಲ್‌ವರೆಗಿನ ಈ ದಾಖಲೆಗಳು ಸೇರಿ ಕೊಡುವ ತೀರ್ಪು ಅಸ್ಪಷ್ಟವಾಗಿಲ್ಲ. ತಕ್ಕಡಿಯ ಮುಳ್ಳು ಇಳಿಯುವುದು ಎಣಿಕೆಯಿಂದ. ಇಳಿದದ್ದು ಕೊಬ್ಬೋ ಮಾಂಸಖಂಡವೋ, ಇಳಿದಷ್ಟೂ ದಿನ ಹಸಿವು ಕಾಡುತ್ತದೋ ಇಲ್ಲವೋ, ಒಂದು ವರ್ಷದ ಮೇಲೆ ತೂಕ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಗುಣಕ್ಕೆ ಸೇರಿದ್ದು. ತಿನ್ನುವುದು ಕಡಿಮೆಯಾದಷ್ಟೂ ಗುಣದ ಹೊಣೆ ಹೆಚ್ಚುತ್ತದೆ. 2500 ಕ್ಯಾಲರಿ ತಿನ್ನುವವನ ತಟ್ಟೆಯಲ್ಲಿ ಒಂದಿಷ್ಟು ಪೊಳ್ಳು ತಿನಿಸಿಗೆ ಜಾಗವಿರಬಹುದು, 1500ರೊಳಗೆ ಪ್ರೋಟೀನ್, ನಾರು, ಸುಣ್ಣ, ಕಬ್ಬಿಣ ಎಲ್ಲ ಹೊಂದಿಸಬೇಕಾದವನಿಗೆ ಆ ಜಾಗವಿಲ್ಲ.

ಹೈದರಾಬಾದಿನ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ ನಮ್ಮ ದೇಶದ 528 ಆಹಾರಗಳ ವಿವರವಿದೆ. ಹುರುಳಿ, ಅವರೆ, ನುಗ್ಗೆಸೊಪ್ಪು, ರಾಗಿ, ಜೋಳ, ಮೊಸರು, ಮೀನು ಎಲ್ಲವೂ ಅದರಲ್ಲಿವೆ. ಕ್ಯಾಲರಿ ಎಣಿಸಲು ಮನಸ್ಸು ಮಾಡಿದ ಓದುಗರು ಧಾರಾಳವಾಗಿ ಎಣಿಸಿ. ಅದಕ್ಕೂ ಮೊದಲು ದಿನದ ಪ್ರೋಟೀನು, ಸೊಪ್ಪುಗಳಿಗೆ ಜಾಗ ಕಾದಿರಿಸಿ, ಉಳಿದ ಕ್ಯಾಲರಿಯನ್ನು ಬೇಕಾದುದಕ್ಕೆ ಖರ್ಚು ಮಾಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಯಾವ ಮಿತಿಯನ್ನೂ ಹಾಕಿಕೊಳ್ಳಬೇಡಿ.